ಮನೆಮಿಕ್ಸಿಂಗ್ ಮೀಮಾಂಸೆ

ಮನೆಯಲ್ಲಿ ಹಾಡಿ, ಮನೆಯಲ್ಲೇ ರೆಕಾರ್ಡ್ ಮಾಡಿ, ಮನೆಯಲ್ಲೇ ಮಿಕ್ಸ್ ಮತ್ತು ಮಾಸ್ಟರ್ ಮಾಡಿ, ಕೊನೆಗೆ ಮನೆಯವರೂ ಕೇಳದ ಹಾಗೆ ಮಾಡುವ ವಿದ್ಯೆಗೆ ಕನ್ನಡದಲ್ಲಿ ಒಂದು ಶಾಸ್ತ್ರಗ್ರಂಥ ಇಲ್ಲದಿರುವುದು ವಿದ್ವಾಂಸರನ್ನು ಬಹುಕಾಲದಿಂದ ಬಾಧಿಸುತ್ತಿದೆ. ಆ ಕೊರತೆಯನ್ನು ತುಂಬುವ ಅಲ್ಪ ಪ್ರಯತ್ನವೇ ಪ್ರಸ್ತುತ ಪ್ರಬಂಧ. ವಿಷಯವ್ಯಾಪ್ತಿ, ಅಧ್ಯಯನದ ವಿಧಾನ, ಪರಿಕಲ್ಪನೆಯ ಸ್ವರೂಪ, ಸ್ವರೂಪದ ಪರಿಕಲ್ಪನೆ ಮೊದಲಾದ ಅಧ್ಯಾಯಗಳು ಎಲ್ಲ ಪಿಎಚ್‌ಡಿ ಪ್ರಬಂಧಗಳಲ್ಲಿರುವಂತೆ ಇಲ್ಲಿಯೂ ಇವೆ ಎಂದು ಭಾವಿಸಿಕೊಂಡು ಓದುಗರು ಮುಂದೆ ಹೋಗಬಹುದು.

ಮೊದಲು ನಿರುಕ್ತ. ‘ಮಿಕ್ಸಿಂಗ್’ ಎಂಬುದರ ಅರ್ಥದ ಬಗ್ಗೆ ಎರಡು ಪಂಥಗಳಿವೆ. ಹಲವು ಟ್ರ್ಯಾಕುಗಳ ಮಟ್ಟ, ಜಾಗ, ಬಣ್ಣ ಹೊಂದಿಸಿ ಎಡ ಮತ್ತು ಬಲ ಎಂಬ ಎರಡೇ ದಾರಿಗೆ ಇಳಿಸುವ ಕ್ರಿಯೆ ಎನ್ನುವುದು ನವೀನರ ಮತ. ಪ್ರಾಚೀನರ ಮತವನ್ನು ಮಂಡ್ಯದ ಕಡೆಯ ಅಜ್ಜಿಯೊಬ್ಬರು ಸಂಗ್ರಹವಾಗಿ ಮಂಡಿಸಿದ್ದಾರೆ: “ಮಿಕ್ಸಿ ತಿರುಗ್ಸಾದ ಕಲಿಯಾಕೆ ಹತ್ಸಾವ್ರ ಯಾಕ್ಲಾ ಮಗ?” ಈ ಪ್ರಶ್ನೆಗೆ ನವೀನರು ಇನ್ನೂ ಉತ್ತರ ಕೊಟ್ಟಿಲ್ಲ. ‘ಮಾಸ್ಟರಿಂಗ್’ ಮಾತ್ರ ನಿಸ್ಸಂದೇಹವಾಗಿ ಮೇಷ್ಟ್ರ ಬಳಗಕ್ಕೆ ಸೇರಿದ್ದು. ತಯಾರಾದ ಹಾಡಿನ ಕಿವಿ ಹಿಂಡಿ, ಸಾಲಿನಲ್ಲಿ ನಿಲ್ಲಿಸಿ ಕಳಿಸುವುದು ಅದರ ಲಕ್ಷಣ. ಗ್ರಾಮಫೋನ್ ಕಾಲದಲ್ಲಿ ಇದಕ್ಕೆ ಗಟ್ಟಿ ಕಾರಣವೂ ಇತ್ತು. ಬೇಸ್ ಮಿತಿಮೀರಿದರೆ ತಟ್ಟೆಯ ಗೀರಿನಿಂದ ಮುಳ್ಳು ಎಗರಿಬಿಡುತ್ತಿತ್ತು.

ಶಾಸ್ತ್ರದ ತಿರುಳು ಪಂಚಭೂತ ಸಿದ್ಧಾಂತ. ಇದನ್ನು ಪ್ರಬಂಧಕಾರ ಹೊಸೆದದ್ದಲ್ಲ. ಮಿಕ್ಸಿಂಗ್ ಗುರುಗಳು ದಿನವೂ ಆಡುವ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತಂದರೆ ಸಿಗುವುದು ಇದೇ. 200ರಿಂದ 400 ಹರ್ಟ್ಸ್ ನಡುವೆ ಸದ್ದು ಗಿಜಿಗುಟ್ಟಿದರೆ ಅದು ಕೆಸರು, ಪೃಥ್ವಿ. ರಿವರ್ಬ್ ಹೆಚ್ಚಾದರೆ ಹಾಡು ಒದ್ದೆ, ಜಲ. ಹಳೆಯ ವಾಲ್ವ್ ಯಂತ್ರಗಳು ಸದ್ದನ್ನು ತುಸು ಕೆಡಿಸಿ ಸೇರಿಸುತ್ತಿದ್ದ ಮೇಲುಸ್ವರಗಳು ಬೆಚ್ಚಗೆ, ಅಗ್ನಿ. 10 ಕಿಲೋಹರ್ಟ್ಸ್‌ನಿಂದ ಮೇಲೆ ಈಕ್ಯೂ ಎತ್ತಿದರೆ ಗಾಳಿ, ವಾಯು. ಎಡಬಲ ಹಿಗ್ಗಿಸಿದರೆ ಅವಕಾಶ, ಅರ್ಥಾತ್ ಆಕಾಶ. ಎಲ್ಲ ಟ್ರ್ಯಾಕುಗಳನ್ನೂ ಒಂದೇ ಕಂಪ್ರೆಸರ್ ಮೂಲಕ ಹಾಯಿಸಿದಾಗ ಹುಟ್ಟುವ ‘ಅಂಟು’ ಯಾವ ಭೂತಕ್ಕೂ ಸೇರದ್ದರಿಂದ ಅದನ್ನು ಗೋಂದುನ್ಯಾಯ ಎಂದು ಪ್ರತ್ಯೇಕವಾಗಿ ವಿವೇಚಿಸತಕ್ಕದ್ದು. ಆರಕ್ಕೂ ತಂತ್ರಾಂಶದ ತುಣುಕುಗಳು, ಅರ್ಥಾತ್ ಪ್ಲಗಿನ್‌ಗಳು ಮಾರಾಟಕ್ಕಿವೆ.

ಇನ್ನು ಸಾಧಕಭೇದ. ಸಾಧಕರು ಏಳು ಬಗೆ. ಮೊದಲನೆಯವನು ಸಂಚಯಶೀಲ: ರಿಯಾಯಿತಿಯ ದಿನ ಹದಿನಾಲ್ಕು ಕಂಪ್ರೆಸರ್ ಕೊಂಡವನು. ಜೋರಾದದ್ದನ್ನು ತಗ್ಗಿಸುವುದೇ ಹದಿನಾಲ್ಕರ ಕೆಲಸವೂ. ತೆರೆಯ ಮೇಲಿನ ಮುಳ್ಳುಗಳ ಚಿತ್ರ ಮಾತ್ರ ಬೇರೆ ಬೇರೆ. ಎರಡನೆಯವನು ಪ್ರೀಸೆಟ್‌ಶರಣ: ಇನ್ಯಾರದೋ ಗಂಟಲಿಗೆ ಹೊಲಿದ ಅಂಗಿಯನ್ನು ತನ್ನ ಗಂಟಲಿಗೆ ತೊಡಿಸುವವನು. ಮೂರನೆಯವನೂ ಹೀಗೆಯೇ. ಉಳಿದ ನಾಲ್ವರು ಮೊದಲಿಬ್ಬರ ದಾಯಾದಿಗಳು. ಪ್ರಬಂಧಕಾರನಿಗೂ ಊಟದ ಹೊತ್ತಾಯಿತು, ಬಿಟ್ಟುಬಿಡೋಣ.

ಆದರೆ ಗುರುಲಕ್ಷಣವನ್ನು ಬಿಡುವ ಹಾಗಿಲ್ಲ. ಗುರು ಮೊದಲು ಹಾಡಿನ ಒಂದು ತುಣುಕು ಕೇಳಿಸುತ್ತಾನೆ. ಆಮೇಲೆ ಪ್ಲಗಿನ್ ಹಚ್ಚಿ ‘ಈಗ ಕೇಳಿ’ ಎನ್ನುತ್ತಾನೆ. ಎರಡನೆಯದು ಎಷ್ಟೋ ಸಲ ಒಂದೆರಡು ಡೆಸಿಬೆಲ್ ಜೋರಾಗಿರುತ್ತದೆ, ಅಷ್ಟೇ. ಸದ್ದು ಮೆಲ್ಲಗಿದ್ದಾಗ ಕಿವಿಗೆ ಬೇಸ್ ಸರಿಯಾಗಿ ದಕ್ಕುವುದಿಲ್ಲ, ಜೋರು ಮಾಡಿದರೆ ಎಲ್ಲವೂ ತುಂಬಿಬಂದ ಹಾಗಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಗುರುವಿಗೆ ಇದು ಗೊತ್ತಿಲ್ಲವೆಂದಲ್ಲ. ಅವನ ಜಾಹೀರಾತಿಗೆ ಗಾಯಕಿ ಬಿಲ್ಲಿ ಐಲಿಷ್ ಕೂಡ ಬರುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ಅಣ್ಣ ಫಿನಿಯಾಸ್‌ನ ಮಲಗುವ ಕೋಣೆಯಲ್ಲಿ ತಯಾರಾದ ಅವರ 2019ರ ಆಲ್ಬಮ್ ಮರುವರ್ಷ ಗ್ರ್ಯಾಮಿ ಗೆದ್ದದ್ದು ನಿಜ. ಅದನ್ನು ಮಿಕ್ಸ್ ಮಾಡಿದ್ದು ರಾಬ್ ಕಿನೆಲ್ಸ್ಕಿ, ಮಾಸ್ಟರ್ ಮಾಡಿದ್ದು ಜಾನ್ ಗ್ರೀನ್‌ಹ್ಯಾಮ್, ಇಬ್ಬರೂ ಪಳಗಿದ ಕಸುಬುದಾರರು ಎಂಬ ಸಾಲಿಗೆ ಮಾತ್ರ ಅಲ್ಲಿ ಜಾಗ ಸಾಲುವುದಿಲ್ಲ. ರಾತ್ರಿಪಾಳಿ ದುಡಿದು, ಸಂಬಳದಲ್ಲಿ ಉಳಿಸಿ ಒಂದು ಮೈಕು ಕೊಂಡ ಹುಡುಗನಿಗೆ ‘ನಿನ್ನ ಹಾಡಿನಲ್ಲಿ ಗಾಳಿ ಸಾಲದು’ ಎಂದು ಹೆದರಿಸಿ ಗಾಳಿ ಮಾರುವ ವೃತ್ತಿಗೆ ಕನ್ನಡದಲ್ಲಿ ಬೇರೆಯೇ ಹೆಸರಿದೆ. ಇದು ಶಾಸ್ತ್ರಗ್ರಂಥವಾದ್ದರಿಂದ ಬರೆಯುವಂತಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ವಿದ್ಯೆಯಲ್ಲಿ ನೆಲ ನಿಜಕ್ಕೂ ಡೊಂಕು. ಹತ್ತಡಿಯ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಅಲೆಯೊಂದು ಸಿಕ್ಕಿಕೊಂಡು ನಿಲ್ಲುತ್ತದೆ. ಗೋಡೆಯ ಬುಡದಲ್ಲಿ ಗುಂಯ್‌ಗುಡುತ್ತದೆ, ನಟ್ಟನಡುವೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ನಡುವೆ ಕುರ್ಚಿ ಹಾಕಿಕೊಂಡ ಸಾಧಕ ಬೇಸ್ ಸಾಲದೆಂದು ಏರಿಸುತ್ತಾನೆ. ಅದೇ ಹಾಡು ಗೆಳೆಯನ ಕಾರಿನಲ್ಲಿ ಬಾಗಿಲು ನಡುಗಿಸುತ್ತದೆ. ಸಾಧಕ ಮನೆಗೆ ಬಂದು ಇನ್ನೊಂದು ಪ್ಲಗಿನ್ ಕೊಳ್ಳುತ್ತಾನೆ. ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸುವವರೂ ಉಂಟು. ಆರು ಮೀಟರ್ ಉದ್ದದ ಅಲೆಗೆ ಎರಡಿಂಚಿನ ರಟ್ಟು ಆನೆಗೆ ಅಡ್ಡ ಕಟ್ಟಿದ ಬಾಳೆನಾರು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಬೆನ್ನ ಹಿಂದೆ ಹತ್ತಿ ಹಾಸಿಗೆ ನಿಲ್ಲಿಸಿ ಹಾಡುವುದು ಅದಕ್ಕಿಂತ ಎಷ್ಟೋ ವಾಸಿ. ಕುರ್ಚಿಯನ್ನು ಎರಡಡಿ ಸರಿಸಿ ಮತ್ತೆ ಕೇಳುವುದಕ್ಕಂತೂ ಕಾಸಿನ ಖರ್ಚಿಲ್ಲ. ಆದ್ದರಿಂದಲೇ ಅದು ಪಾಠದ ಕೊನೆಗೆ, ಬೆಲ್ ಹೊಡೆದ ಮೇಲೆ ಬರುತ್ತದೆ.

1982ರ ಜನವರಿಯಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಒಂದು ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ ಇಟ್ಟುಕೊಂಡು ಹಾಡಿದರು. ಅವೇ ಹಾಡುಗಳನ್ನು ಸ್ಟುಡಿಯೊದಲ್ಲಿ ಬ್ಯಾಂಡ್ ಸಮೇತ ಮತ್ತೆ ಹಾಡಿ ನೋಡಿದರೆ ಮನೆಯ ಗುಣ ಬರಲಿಲ್ಲ. ಡಬ್ಬಿಯೂ ಇಲ್ಲದೆ ಜೇಬಿನಲ್ಲಿ ತಿರುಗಾಡಿಕೊಂಡಿದ್ದ ಆ ಕ್ಯಾಸೆಟ್ಟೇ ‘ನೆಬ್ರಾಸ್ಕಾ’ ಆಲ್ಬಮ್ ಆಗಿ ಹೊರಬಂತು. ಪಂಚಭೂತಗಳಲ್ಲಿ ಅದಕ್ಕೆ ಎಷ್ಟು ಅಂಕ ಬಂದೀತೋ!

ಮಾಸ್ಟರಿಂಗ್ ಎಂದರೆ ಒಗ್ಗರಣೆ. ಸೀದುಹೋದ ಹುಳಿಯನ್ನು ಅದು ಉಳಿಸದು. ಆದರೆ ಸಾಧಕನ ಅಳತೆ ಒಂದೇ: ಪಕ್ಕದವನ ಹಾಡಿಗಿಂತ ಜೋರಾಗಬೇಕು. ಲಿಮಿಟರ್ ಹಾಕಿ ಒತ್ತಿ ಒತ್ತಿ, ಅಲೆಯ ಚಿತ್ರ ಇಟ್ಟಿಗೆಯಂತಾಗುವವರೆಗೆ ಒತ್ತುತ್ತಾನೆ. ಇದು ದೊಡ್ಡವರ ಮನೆಯಲ್ಲೂ ಇದ್ದ ರೋಗ. 2008ರಲ್ಲಿ ಮೆಟಾಲಿಕಾ ಬ್ಯಾಂಡಿನ ‘ಡೆತ್ ಮ್ಯಾಗ್ನೆಟಿಕ್’ ಎಷ್ಟು ಹಿಂಡಿಹೋಗಿತ್ತೆಂದರೆ, ವಿಡಿಯೊ ಗೇಮ್‌ನಲ್ಲಿದ್ದ ಅದೇ ಹಾಡುಗಳೇ ಸಿಡಿಗಿಂತ ಚೆನ್ನಾಗಿವೆ ಎಂದು ಅಭಿಮಾನಿಗಳು ಮನವಿಪತ್ರಕ್ಕೆ ಸಾವಿರಗಟ್ಟಲೆ ಸಹಿ ಹಾಕಿದರು. ಈಗಂತೂ ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಜೋರಿನ ಮಟ್ಟಕ್ಕೆ ತಂದು ಕೇಳಿಸುತ್ತದೆ. ಜೋರು ಮಾಡಿದ್ದನ್ನು ಅದು ತಗ್ಗಿಸುತ್ತದೆ. ಹಿಂಡಿದ್ದು ಹಿಂಡಿದ ಹಾಗೆಯೇ ಉಳಿಯುತ್ತದೆ.

ಇಲ್ಲಿಗೆ ಹಾಸ್ಯ ಸಾಕು. ಹಾಡಿನ ಸ್ವರ ತಿದ್ದುವ ಆಟೋ-ಟ್ಯೂನ್ 1997ರಲ್ಲಿ ಬಂತು. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ಭೂಮಿಯೊಳಗಿನ ಎಣ್ಣೆಯನ್ನು ಕಂಪನಗಳ ಲೆಕ್ಕದಿಂದ ಹುಡುಕುವ ಕೆಲಸದಲ್ಲಿದ್ದವರು. ಅವರದೇನೂ ತಪ್ಪಿಲ್ಲ. ಆದರೆ ಕರ್ನಾಟಕ ಸಂಗೀತದ ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವಲ್ಲ. ರಿಷಭ ಮಧ್ಯಮಗಳ ನಡುವೆ ತೂಗುತ್ತಲೇ ಅದು ಗಾಂಧಾರವಾಗುವುದು. ಗಟ್ಟಿಯಾಗಿ ಬಿಗಿದ ಆಟೋ-ಟ್ಯೂನಿಗೆ ಅದು ಹಾದಿ ತಪ್ಪಿದ ಗಾಯಕನ ಹಾಗೆ ಕಾಣುತ್ತದೆ. ತೂಗಾಟವನ್ನು ಕತ್ತರಿಸಿ ಮೆಟ್ಟಿಲು ಮಾಡಿಡುತ್ತದೆ. ನಾಯ್ಸ್ ತೆಗೆಯುವ ಪ್ಲಗಿನ್ನಿಗೆ ಬಿಡದೆ ಒಂದೇ ಸಮನೆ ಕೇಳುವುದೆಲ್ಲ ಫ್ಯಾನು. ತಂಬೂರಿಯೂ ಫ್ಯಾನು. 2020ರ ಲಾಕ್‌ಡೌನಿನಲ್ಲಿ ಫೋನಿನ ಮೇಲೆ ಸಂಗೀತ ಹೇಳಿಕೊಟ್ಟವರು ಇದನ್ನು ಅನುಭವಿಸಿದ್ದಾರೆ: ಇಲ್ಲಿ ಶ್ರುತಿಪೆಟ್ಟಿಗೆ ಹಾಡುತ್ತಿದೆ, ಅಲ್ಲಿ ಶಿಷ್ಯೆಗೆ ಶ್ರುತಿಯೇ ಇಲ್ಲ. ಯಾವುದು ಸದ್ದು, ಯಾವುದು ಸಂಗೀತ ಎಂದು ತೀರ್ಮಾನಿಸುವ ಹಕ್ಕನ್ನು ನಮ್ಮ ಹುಡುಗರು ಯಾರ ಕೈಗೆ ಕೊಡುತ್ತಿದ್ದಾರೆ?

ಕೊನೆಗೊಂದು ದೃಷ್ಟಾಂತ. ನಿರುಕ್ತದಲ್ಲಿ ಬಂದ ಅಜ್ಜಿಯ ಮೊಮ್ಮಗ, ಹತ್ತು ಸಾವಿರ ಕೊಟ್ಟವನು, ಒಂದು ಸಲ ಊರಿಗೆ ಹೋದಾಗ ಅಜ್ಜಿಯ ಮುಂದೆ ಹಳೆಯ ರಾಗಿಕಲ್ಲು ಇಟ್ಟು ಬೀಸುವ ಪದ ಹಾಡಿಸಿದ. ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡ. ಬೆಂಗಳೂರಿಗೆ ಬಂದು ಕಲಿತದ್ದನ್ನೆಲ್ಲ ಕ್ರಮವಾಗಿ ಪ್ರಯೋಗಿಸಿದ. ನಾಯ್ಸ್ ತೆಗೆದ, ಕಲ್ಲಿನ ಸದ್ದು ಹೋಯಿತು. ಗೇಟ್ ಹಾಕಿದ, ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕುವಾಗ ಅಜ್ಜಿ ಎಳೆದುಕೊಳ್ಳುತ್ತಿದ್ದ ಉಸಿರು ಹೋಯಿತು. ಸ್ವರ ಸರಿಪಡಿಸಿದ, ಕೆಸರು ಕಳೆದ, ಗಾಳಿ ತುಂಬಿದ. ಮೈನಸ್ 14ಕ್ಕೆ ಸರಿಯಾಗಿ ತಂದು ಹಬ್ಬಕ್ಕೆ ಹೋದಾಗ ಕೇಳಿಸಿದ.

ಅಜ್ಜಿ ಪೂರ್ತಿ ಕೇಳಿ, “ಚೆಂದಾಗದೆ. ಯಾರ್ಲಾ ಮಗ ಹಾಡಿರಾದು?” ಅಂದರು.

ಮೂಲ ಫೈಲು ಇನ್ನೂ ಅವನ ಫೋನಿನಲ್ಲಿದೆ. ಮೊದಲ ಹನ್ನೊಂದು ಸೆಕೆಂಡು ಕಲ್ಲು ಮಾತ್ರ ತಿರುಗುತ್ತದೆ, ಆಮೇಲೆ ಅಜ್ಜಿ ದನಿ ಎತ್ತುತ್ತಾರೆ. ಮೂರನೆಯ ನಿಮಿಷದಲ್ಲಿ ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೂಗುತ್ತದೆ.