ಜಾಲಿಗಿಡದ ವಸ್ತಿ ಬಸ್ಸು

ನಮ್ಮ ಶಿಗ್ಗಾಂವಿ ಕಡೆ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಕರೆಯದೆ ಬರುವ ಬೀಗರೆಂದರೆ ಗುಲಾಬಿ ಕಬ್ಬಕ್ಕಿಗಳು. ಮಧ್ಯ ಏಷ್ಯಾದ ಹುಲ್ಲುಗಾವಲಲ್ಲಿ ಮರಿ ಮಾಡಿಕೊಂಡು, ಟಿಕೀಟು, ಆಧಾರ ಕಾರ್ಡು ಒಂದೂ ಇಲ್ಲದೆ ಸಾವಿರಾರು ಕಿಲೋಮೀಟರು ಹಾರಿ ಬಂದಿರುತ್ತವೆ. ನನಗೋ ಹುಬ್ಬಳ್ಳಿಗೆ ಹೋಗಿ ಬಂದರೆ ಎರಡು ದಿನ ಸೊಂಟನೋವು.

ಸಂಜೆಯಾದರೆ ಹೊಲದ ಬದುವಿನ ಜಾಲಿಗಿಡದಲ್ಲಿ ಅವುಗಳ ವಸ್ತಿ. ಬಂದು ತೆಪ್ಪಗೆ ಕೂರುವ ಜಾತಿಯಲ್ಲ. ಯಾರೋ ಕರಿ ಸೀರೆ ಝಾಡಿಸಿದಂತೆ ಹಿಂಡು ಆಕಾಶದಲ್ಲಿ ಆ ಕಡೆ ವಾಲಿ, ಈ ಕಡೆ ಹೊರಳಿ, ಕೊನೆಗೆ ದಬದಬ ಗಿಡಕ್ಕೆ ಇಳಿಯುತ್ತದೆ. ಆಮೇಲೆ ಶುರು, ನಮ್ಮೂರ ವಸ್ತಿ ಬಸ್ಸಿನ ಗದ್ದಲ. ‘ಸರಕೋ’, ‘ಇದು ನನ್ನ ಸೀಟು’. ಕಿಟಕಿಯಿಂದ ಟವೆಲ್ ಒಗೆಯುವುದೊಂದು ಬಾಕಿ.

ಹೊಲದ ಕಾಕಾನಿಗೆ ನನ್ನ ಪಾಂಡಿತ್ಯ ತೋರಿಸಿದೆ: “ಇಟಲಿಯ ಜಾರ್ಜಿಯೋ ಪಾರಿಸಿ ಅಂತ, 2021ರಾಗ ನೊಬೆಲ್ ತಗೊಂಡಾರ. ಅವರೂ ರೋಮ್‌ನ್ಯಾಗ ಕಬ್ಬಕ್ಕಿ ಹಿಂಡು ನೋಡ್ಯಾರ್ರೀ. ಒಂದೊಂದು ಹಕ್ಕಿ ಬಾಜೂದ ಆರೇಳು ಹಕ್ಕೀನಷ್ಟ ನೋಡಿ ಹೊರಳತೈತಂತ.”

“ಹಕ್ಕಿ ನೋಡಿದ್ದಕ್ಕ ಬಹುಮಾನೇನು? ನಾ ನಲವತ್ತು ವರ್ಷ ಕವಣಿ ಹಿಡಕೊಂಡು ನೋಡೇನಿ. ಒಬ್ಬರೂ ಶಾಲು ಹೊದಿಸಲಿಲ್ಲ!”

ಬಹುಮಾನದ ಲೆಕ್ಕ ಬೇರೆ ಎನ್ನಲು ಬಾಯಿ ತೆರೆದೆ. ಆದರೆ ಮಾತು ಬದಲಿಸಿ, ಈ ಹಕ್ಕಿಗಳು ಮಿಡತೆ ತಿಂದು ರೈತನಿಗೆ ಉಪಕಾರವನ್ನೂ ಮಾಡುತ್ತವೆ ಎಂದೆ.

“ಮಿಡತಿ ಚಟ್ನಿ ಇದ್ದಂಗ ತಮ್ಮಾ, ರೊಟ್ಟಿ ನನ್ನ ಜೋಳದ್ದು,” ಎಂದು ಕಾಕಾ ಗಿಡದ ಕೆಳಗೆ ಹೋಗಿ ಕತ್ತೆತ್ತಿದ. ಸನ್ಮಾನ ತಡವಾಗಲಿಲ್ಲ. ಶಾಲಲ್ಲ, ಟೋಪಿಯ ಮೇಲೆ ಬೆಳ್ಳಗೆ ಒಂದು ಪದಕ ಬಿತ್ತು.