ಎಂಡಿ ಮಹಾಶಯ

ಎಂಡಿ ಮಹಾಶಯನಿಗೆ ಸಂಗೀತದ ಹುಚ್ಚು ಎಂದು ನಂಬಿದವರು ಅವನ ಮುಂದೆ ಒಂದು ಹಾಡು ಮುಗಿಯುವ ತನಕ ಕೂತವರಲ್ಲ. ಕೂರೋಣವೆಂದರೂ ಆಗದು, ಏಕೆಂದರೆ ಅಲ್ಲಿ ಹಾಡು ಮುಗಿಯುವುದೇ ಇಲ್ಲ. ಗಾಯಕಿ ಮೊದಲ ಸಾಲು ಹಾಡಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಆತ ಪ್ಲೇಯರ್ ನಿಲ್ಲಿಸಿ, ಡಿಸ್ಕ್ ತೆಗೆದು, ಪಕ್ಕದ ಪ್ಲೇಯರಿಗೆ ತುರುಕಿ, ಅದೇ ಸಾಲನ್ನು ಮತ್ತೆ ಕೇಳಿಸುತ್ತಾನೆ. ಆಮೇಲೆ ಮೂರನೆಯದಕ್ಕೆ. ಅಕ್ಕಸಾಲಿಗನಿಗೆ ಒರೆಗಲ್ಲು ಹೇಗೋ ಇವನಿಗೆ ಹಾಡು ಹಾಗೆ: ತಿಕ್ಕಿ ನೋಡುವುದಕ್ಕೆ ಬೇಕು, ಅಷ್ಟೇ. "ಇದರಲ್ಲಿ ಕೆಳದನಿ ಸ್ವಲ್ಪ ತುಂಬಿಕೊಂಡಿದೆ, ಗೊತ್ತಾಯಿತೇ?" ಎನ್ನುತ್ತಾನೆ. ಗೊತ್ತಾಯಿತು ಎಂದವರ ಮುಂದೆ ಇನ್ನೂ ನಾಲ್ಕು ಪ್ಲೇಯರುಗಳು ಹೊರಬರುತ್ತವೆ. ಗೊತ್ತಾಗಲಿಲ್ಲ ಎಂದವರ ಮುಂದೆ ಎಂಟು. ಜಪಾನ್, ಬ್ರಿಟನ್, ಜರ್ಮನಿ, ಅಮೆರಿಕ ಎಲ್ಲೆಡೆಯೂ ಈ ಕುಲದವರಿದ್ದಾರೆ, ಮತ್ತು ಎಲ್ಲೆಡೆಯೂ ಅವರನ್ನು ಹಳೆಯ ಕಾಲದ ಹಂಬಲಿಗರು ಎಂದೋ, ನಾದದ ಸೂಕ್ಷ್ಮ ಬಲ್ಲವರು ಎಂದೋ ಗೌರವದಿಂದ ತಪ್ಪು ತಿಳಿಯಲಾಗಿದೆ. ನನಗೆ ಕಾಣುವಂತೆ ಈ ಮಹಾಶಯ ಮನಸೋತಿರುವುದು ಒಂದು ಪಟ್ಟಿಗೆ. ಅದು ಮುಗಿದುಹೋದ ಪಟ್ಟಿ ಎಂಬುದೇ ಅದರ ಮೋಹ.

ಪಟ್ಟಿಯ ಚರಿತ್ರೆ ಹೀಗಿದೆ. ಸೋನಿ ಕಂಪನಿ ಮಿನಿಡಿಸ್ಕನ್ನು, ಅಂದರೆ ಎಂಡಿಯನ್ನು, ಜಪಾನಿನ ಅಂಗಡಿಗಳಿಗೆ ಇಳಿಸಿದ್ದು 1992ರ ನವೆಂಬರಿನಲ್ಲಿ. 64 ಮಿಲಿಮೀಟರ್ ಅಗಲದ ತಟ್ಟೆ, ಅದರ ಸುತ್ತ ಪ್ಲಾಸ್ಟಿಕ್ ಕವಚ, ಕವಚಕ್ಕೊಂದು ಜಾರುಬಾಗಿಲು. ಅದರ ಮೇಲೆ ಧ್ವನಿ ಬರೆಯುವ ಬಗೆಯನ್ನು ಕೇಳಿದರೆ ಯಾರಿಗೂ ಕೊಂಚ ಪ್ರೀತಿ ಹುಟ್ಟೀತು. ಲೇಸರ್ ಕಿರಣ ತಟ್ಟೆಯ ಒಂದೊಂದು ಚುಕ್ಕೆಯನ್ನೂ ಸುಮಾರು 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಕಾದ ಚುಕ್ಕೆ ತನ್ನ ಕಾಂತೀಯ ಹಟವನ್ನು ಬಿಡುತ್ತದೆ. ಆ ಗಳಿಗೆಯಲ್ಲಿ ಎದುರಿನ ಕಾಂತಮುಖ ಹೇಳಿದ ದಿಕ್ಕಿಗೆ ತಿರುಗಿ, ತಣಿದ ಮೇಲೆ ಅದೇ ದಿಕ್ಕಿನಲ್ಲಿ ನಿಂತುಬಿಡುತ್ತದೆ. ಇಷ್ಟೂ ನಡೆಯುವುದು ರೈಲಿಗೆ ಓಡುತ್ತಿರುವವನ ಜೇಬಿನಲ್ಲಿ. ಸಿಡಿಯ ಧ್ವನಿಯನ್ನು ಸುಮಾರು ಐದರಲ್ಲಿ ಒಂದು ಪಾಲಿಗೆ ಕುಗ್ಗಿಸುವ ಅಟ್ರಾಕ್ ಎಂಬ ಲೆಕ್ಕಾಚಾರವೂ ಅಲ್ಲೇ ಆಗಬೇಕು. ಅದೇ ವರ್ಷ ಫಿಲಿಪ್ಸ್ ಕಂಪನಿ ಡಿಜಿಟಲ್ ಕ್ಯಾಸೆಟ್ಟಿನೊಂದಿಗೆ ಎದುರು ನಿಂತು, 1996ರ ಹೊತ್ತಿಗೆ ಗಂಟುಮೂಟೆ ಕಟ್ಟಿತು. ಮಿನಿಡಿಸ್ಕಿನ ಪಾಲಿಗೆ ಬಂದ ಏಕೈಕ ಯುದ್ಧವಿಜಯ ಅದು, ಮಹಾಶಯ ಅದನ್ನು ಇಂದಿಗೂ ಆಚರಿಸುತ್ತಾನೆ. ಜಪಾನಿನಲ್ಲಿ ಸಿಡಿ ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಸಂಜೆ ತಂದು, ಮಿನಿಡಿಸ್ಕಿಗೆ ಇಳಿಸಿಕೊಂಡು, ಮರಳಿಸುವುದು ಅಲ್ಲಿನ ವಿದ್ಯಾರ್ಥಿಗಳ ದಿನಚರಿಯಾಗಿತ್ತು. ಬೇರೆ ದೇಶಗಳಲ್ಲಿ ಅಂಥ ಭಾಗ್ಯ ಅದಕ್ಕೆ ಒದಗಲಿಲ್ಲ. ನಮ್ಮಲ್ಲಂತೂ ಕ್ಯಾಸೆಟ್ಟಿನಿಂದ ನೂರಾರು ಹಾಡು ತುಂಬಿದ ಎಂಪಿ3 ಸಿಡಿಗೆ ಜನ ಒಂದೇ ನೆಗೆತ ನೆಗೆದರು. ನಡುವೆ ಹೀಗೊಂದು ಮೆಟ್ಟಿಲಿತ್ತು ಎಂಬುದನ್ನು ಬಹುಮಂದಿ ಗಮನಿಸಲೂ ಇಲ್ಲ. 2001ರಲ್ಲಿ ಐಪಾಡ್ ಬಂತು. ಸೋನಿಯ ಕೊನೆಯ ಮಿನಿಡಿಸ್ಕ್ ವಾಕ್‌ಮನ್ 2006ರದ್ದು. 2011ರ ಸೆಪ್ಟೆಂಬರಿನಲ್ಲಿ ಅದರ ರವಾನೆಯೂ ನಿಂತಿತು. ಅಷ್ಟರಲ್ಲಿ ಸೋನಿ ಮಾರಿದ್ದ ಮಿನಿಡಿಸ್ಕ್ ಯಂತ್ರಗಳು ಸುಮಾರು 2 ಕೋಟಿ 20 ಲಕ್ಷ. ಸೋತಿತು ಎನ್ನಲು ಹೆಚ್ಚು, ಗೆದ್ದಿತು ಎನ್ನಲು ಕಡಿಮೆ.

ಈ ಚರಿತ್ರೆಯಲ್ಲಿ ನಮಗೆ ಕಾಣುವುದು ಒಂದು ಯಂತ್ರದ ಅವಸಾನ. ಮಹಾಶಯನಿಗೆ ಕಾಣುವುದು ಒಂದು ಅಭಯ. ಮೊಬೈಲು ಕೊಂಡವನ ಪಾಡನ್ನು ನೋಡಿ. ಅವನು ಡಬ್ಬಿ ಒಡೆಯುವ ಮುನ್ನವೇ ಮುಂದಿನ ಮಾದರಿಯ ವದಂತಿ ಹಬ್ಬಿರುತ್ತದೆ. ಅವನ ಹೆಮ್ಮೆಗೆ ಹನ್ನೊಂದು ತಿಂಗಳ ಆಯುಸ್ಸು. ಮಿನಿಡಿಸ್ಕಿನವನಿಗೆ ಆ ಭಯವೇ ಇಲ್ಲ. ಎಂಝಡ್-1ರಿಂದ ಹಿಡಿದು ಎಂಝಡ್-ಆರ್‌ಎಚ್1ರವರೆಗೆ ಇರುವುದೆಲ್ಲ ಇದ್ದೇ ಇದೆ. ಇನ್ನು ಒಂದೂ ಹುಟ್ಟುವುದಿಲ್ಲ. ಆರ್‌ಎಚ್1 ಕೊಂಡವನನ್ನು ಅವಮಾನಿಸಲು ಆರ್‌ಎಚ್2 ಬರಲಾರದು. ಹೀಗಾಗಿ ಅವನ ತುಲನೆಗೆ ಒಂದು ಶಾಸ್ತ್ರಶುದ್ಧಿ ಬಂದುಬಿಟ್ಟಿದೆ. 1992ರ ಎಂಝಡ್-1 ಬ್ಯಾಟರಿ ಸೇರಿದರೆ ಅರ್ಧ ಕಿಲೋ ಮೀರುತ್ತದೆ, ಜೇಬಿನಲ್ಲಿಟ್ಟರೆ ಪ್ಯಾಂಟು ಇಳಿಯುತ್ತದೆ, ಆದರೆ ಮೂಲಪುರುಷನಾದ್ದರಿಂದ ಪೀಠದ ಮೇಲಿರಬೇಕು. 1997ರ ಎಂಝಡ್-ಆರ್50 ಧ್ವನಿಮುದ್ರಣ ಮಾಡುವವರ ಕಣ್ಮಣಿ. 2002ರ ಎಂಝಡ್-ಇ10 ಹತ್ತನೇ ವರ್ಷದ ಸ್ಮರಣೆಗೆ ಬಂದದ್ದು, ದಪ್ಪ ಒಂದು ಸೆಂಟಿಮೀಟರಿಗೂ ಕಡಿಮೆ, ಆದರೆ ಅದರಲ್ಲಿ ಮುದ್ರಿಸಿಕೊಳ್ಳಲು ಬರುವುದಿಲ್ಲ. ಆರ್‌ಎಚ್1 ಎಲ್ಲವನ್ನೂ ಮಾಡುತ್ತದೆ, ಆದರೆ ಅದರ ಪುಟ್ಟ ಪರದೆ ವರ್ಷ ಕಳೆದಂತೆ ಮಂಕಾಗುತ್ತ ಕೊನೆಗೆ ಓದಲೇ ಆಗದಂತಾಗುತ್ತದೆ. ಶಾರ್ಪ್, ಪ್ಯಾನಸಾನಿಕ್, ಕೆನ್‌ವುಡ್, ಐವಾ ಕಂಪನಿಗಳದ್ದು ದಾಯಾದಿ ಶಾಖೆಗಳು, ಅವುಗಳಿಗೆ ಬೇರೆ ಕಪಾಟು. ಇಷ್ಟರ ಜಾತಕವೂ ಬಾಯಲ್ಲಿರುವ ಮನುಷ್ಯನಿಗೆ ಮಕ್ಕಳ ಹುಟ್ಟುಹಬ್ಬ ಮರೆತುಹೋದರೆ ತಪ್ಪು ಹೊರಿಸುವುದು ಕಷ್ಟ. ಮಕ್ಕಳು ಹುಟ್ಟಿದ ವರ್ಷವನ್ನು ಆತ ಮರೆಯುವುದಿಲ್ಲ. ಆ ವರ್ಷ ಯಾವ ಮಾದರಿ ಬಂದಿತ್ತೆಂದು ಜ್ಞಾಪಿಸಿಕೊಂಡರೆ ಸಾಕು.

ಇದು ಅನ್ಯಾಯದ ಮಾತು, ಪ್ಲೇಯರುಗಳ ನಡುವೆ ಧ್ವನಿಯ ವ್ಯತ್ಯಾಸ ನಿಜವಾಗಿಯೂ ಇದೆ ಎಂದು ವಾದಿಸಬಹುದು. ಇದೆ, ಒಪ್ಪೋಣ. ಮೊದಲ ತಲೆಮಾರಿನ ಅಟ್ರಾಕ್ ಒರಟಾಗಿತ್ತು. ತಾಳದ ಝಲ್ಲೆನ್ನುವ ನಾದವನ್ನು ಕೊಟ್ಟರೆ ಕೈಕಾಲು ಬಿಡುತ್ತಿತ್ತು. ವರ್ಷ ವರ್ಷಕ್ಕೂ ಅದು ಸುಧಾರಿಸಿ ಟೈಪ್-ಆರ್ ಎಂಬ ಹೆಸರಿನ ಹೊತ್ತಿಗೆ ಬಹುಜನರ ಕಿವಿಗೆ ಸಿಡಿಯಿಂದ ಬೇರ್ಪಡಿಸಲಾಗದಷ್ಟು ಹದಕ್ಕೆ ಬಂತು. ಆದರೆ ಆ ಸುಧಾರಣೆಯ ಬಹುಪಾಲು ಇರುವುದು ಮುದ್ರಿಸುವ ಕಡೆಗೆ. ಕುಗ್ಗಿಸುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಅಲ್ಲಿ ನಡೆಯುತ್ತದೆ. ಹೊಸ ಯಂತ್ರದಲ್ಲಿ ಚೆನ್ನಾಗಿ ಮುದ್ರಿಸಿದ ಡಿಸ್ಕನ್ನು ಹಳೆಯ ಯಂತ್ರಕ್ಕೆ ಹಾಕಿದರೆ ಅದೂ ಚೆನ್ನಾಗಿಯೇ ನುಡಿಯುತ್ತದೆ. ಹಾಗಾಗಿ ಒಂದೇ ಡಿಸ್ಕನ್ನು ಏಳು ಪ್ಲೇಯರುಗಳಲ್ಲಿ ತಿರುಗಿಸಿ ಕೇಳುವವನು ಮುಖ್ಯವಾಗಿ ಹೋಲಿಸುತ್ತಿರುವುದು ಹೆಡ್‌ಫೋನಿಗೆ ಬಲ ಕೊಡುವ ಒಂದು ಚಿಕ್ಕ ಆಂಪ್ಲಿಫೈಯರನ್ನು, ಮತ್ತು ಯಾವ ಪ್ಲೇಯರು ಸ್ವಲ್ಪ ಜೋರಾಗಿದೆ ಎಂಬುದನ್ನು. ಜೋರಾದದ್ದು ಚೆನ್ನಾಗಿದೆ ಎಂದು ಕಿವಿಗೆ ಅನ್ನಿಸುವುದು ಮನುಷ್ಯಸಹಜ. ಯುರೋಪಿಗೆಂದು ತಯಾರಾದ ಪ್ಲೇಯರುಗಳಿಗೆ ಕಿವಿಯ ರಕ್ಷಣೆಗಾಗಿ ಸದ್ದಿನ ಮಿತಿ ಹಾಕಿರುತ್ತಿದ್ದರು. ಜಪಾನಿನ ಪ್ಲೇಯರಿನ ನಾದಕ್ಕೆ ಆಳ ಹೆಚ್ಚು ಎಂದು ಲಂಡನ್ನಿನ ಮಹಾಶಯ ಕಣ್ಣು ಮುಚ್ಚಿ ತಲೆದೂಗುವಾಗ ಈ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು. ಎರಡರ ಸದ್ದನ್ನೂ ಅಳೆದು ಸಮ ಮಾಡಿ, ಯಾವುದು ಯಾವುದೆಂದು ತೋರಿಸದೆ ಕೇಳಿಸಿದರೆ ತಗಾದೆ ಅರ್ಧ ಗಂಟೆಯಲ್ಲಿ ತೀರೀತು. ಯಾವ ಮಹಾಶಯನೂ ಇದಕ್ಕೆ ಮನಸಾರೆ ಒಪ್ಪುವುದಿಲ್ಲ. ಬೆರಳಿಗೆ ಪ್ಲೇಯರಿನ ಮೆಗ್ನೀಸಿಯಂ ಮೈಯ ತಂಪು ತಗುಲದಿದ್ದರೆ ನಾದದ ಗುಣ ಹೇಳುವುದು ಹೇಗೆ?

ಹಳೆಯ ಕಾಲದ ಹಂಬಲ ಎಂಬ ವಿವರಣೆಯೂ ಹೆಚ್ಚು ದೂರ ನಡೆಯುವುದಿಲ್ಲ. ಹಂಬಲವಾಗಿದ್ದರೆ ತಾನು ಕಾಲೇಜಿನಲ್ಲಿ ಬಳಸಿದ ಒಂದು ಪ್ಲೇಯರು ಸಾಕಿತ್ತು. ಮಿನಿಡಿಸ್ಕನ್ನು ದಿನನಿತ್ಯ ಬಳಸಿದ ಜಪಾನೀಯರು ಅದನ್ನು ಹಾರ್ಡ್ ಆಫ್‌ನಂಥ ಹಳೆಸಾಮಾನಿನ ಅಂಗಡಿಗಳಿಗೆ ಕೊಟ್ಟು ಕೈತೊಳೆದುಕೊಂಡರು. ಅಲ್ಲಿ 'ಜಂಕ್' ಎಂಬ ಚೀಟಿಯ ಕೆಳಗೆ, ಕೆಲಸ ಮಾಡುತ್ತದೋ ಇಲ್ಲವೋ ಎಂಬ ಖಾತ್ರಿಯಿಲ್ಲದೆ, ಬುಟ್ಟಿಯಲ್ಲಿ ಬಿದ್ದಿರುವ ಪ್ಲೇಯರುಗಳನ್ನು ಮಂಡಿಯೂರಿ ಆರಿಸುವವನು ಎಷ್ಟೋ ಸಲ ಆ ಕಾಲದಲ್ಲಿ ಮಿನಿಡಿಸ್ಕನ್ನು ಮುಟ್ಟಿಯೇ ಇರದ ಪರದೇಶಿ, ಇಲ್ಲವೇ ಆಗ ತೊಟ್ಟಿಲಲ್ಲಿದ್ದ ತರುಣ. ತನ್ನದಲ್ಲದ ಯೌವನಕ್ಕೆ ಹಂಬಲಿಸುವುದು ಅಸಾಧ್ಯವೇನಲ್ಲ, ಆದರೆ ಅದಕ್ಕೆ ಮಾದರಿಸಂಖ್ಯೆಗಳನ್ನು ಕಂಠಪಾಠ ಮಾಡುವ ಅಗತ್ಯವಿಲ್ಲ. ಇನ್ನೊಂದು ಸಾಕ್ಷ್ಯವೂ ಇದೆ. ಮಿನಿಡಿಸ್ಕಿನ ಮೇಲೆ ಹತ್ತು ಲಕ್ಷ ಸಲ ಅಳಿಸಿ ಬರೆಯಬಹುದು ಎಂದು ಸೋನಿ ಹೇಳಿಕೊಂಡಿತ್ತು. ಮಹಾಶಯನ ಕಪಾಟಿನಲ್ಲಿ ಅಂಥ ಡಿಸ್ಕುಗಳು ಬಣ್ಣವಾರು ಜೋಡಿಸಿ, ಪ್ಲಾಸ್ಟಿಕ್ ಹಾಳೆ ಬಿಚ್ಚದೆ, ಒಂದು ಸಲವೂ ಬರೆಸಿಕೊಳ್ಳದೆ ಕೂತಿವೆ. ಸೋನಿ ಖಾಲಿ ಡಿಸ್ಕುಗಳ ತಯಾರಿಕೆಯನ್ನೂ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದಾಗ ಈ ಕುಲದಲ್ಲಿ ದುಃಖ ಹರಡಿದ್ದು ನಿಜ. ದುಃಖದ ನಡುವೆಯೇ ಅವರು ತಮ್ಮಲ್ಲಿರುವ ಡಬ್ಬಿಗಳನ್ನು ಎಣಿಸಿಕೊಂಡದ್ದೂ ನಿಜವಿರಬೇಕು. ಪಟ್ಟಿಯ ಉಳಿದ ಬಾಗಿಲೂ ಮುಚ್ಚಿತಲ್ಲ!

ನಿಧಾನವೇ ಇದರ ಸೊಗಸು, ಬೆರಳಾಡಿಸಿದರೆ ಹಾಡು ಬದಲಾಗುವ ಕಾಲದಲ್ಲಿ ಇದು ಮನಸ್ಸಿಟ್ಟು ಕೇಳುವುದನ್ನು ಕಲಿಸುತ್ತದೆ ಎಂದು ಮಹಾಶಯನ ಕಡೆಯ ವಕೀಲರು ಹೇಳುವುದುಂಟು. ನಿಧಾನವೇನೋ ಹೌದು. ಮಿನಿಡಿಸ್ಕಿನಲ್ಲಿ ಮುದ್ರಣ ನಿಲ್ಲಿಸಿದ ಮೇಲೆ ಯಂತ್ರ ತನ್ನ ವಿಷಯಸೂಚಿಯನ್ನು, ಅಂದರೆ ಅವರ ಮಾತಿನಲ್ಲಿ ಟಿಓಸಿಯನ್ನು, ಡಿಸ್ಕಿನ ಮೇಲೆ ಬರೆಯಬೇಕು. ಅದು ಮುಗಿಯುವ ಮುನ್ನ ಬ್ಯಾಟರಿ ಸತ್ತರೆ ಒಂದು ಗಂಟೆಯ ಕಛೇರಿ ಡಿಸ್ಕಿನಲ್ಲಿದ್ದೂ ಇಲ್ಲವಾಗುತ್ತದೆ. ಪ್ರತಿ ಹಾಡಿಗೂ ಹೆಸರು ಬರೆಯಬಹುದು, ಪುಟ್ಟ ಗುಂಡಿಯನ್ನು ತಿರುಗಿಸಿ ತಿರುಗಿಸಿ ಒಂದೊಂದೇ ಅಕ್ಷರ ಆರಿಸುತ್ತ. ಹಾಡನ್ನು ಕತ್ತರಿಸಬಹುದು, ಜೋಡಿಸಬಹುದು, ಹಿಂದುಮುಂದು ಮಾಡಬಹುದು. ಕ್ಯಾಸೆಟ್ ಕಾಲದಿಂದ ಬಂದವರಿಗೆ ಇದು ಪವಾಡವೇ ಆಗಿತ್ತು. ಆದರೆ ಈ ಶ್ರಮದಲ್ಲಿ ಕಿವಿಗೆ ಸಂದದ್ದೆಷ್ಟು ಎಂದು ಲೆಕ್ಕ ಹಾಕಿದರೆ ವಕೀಲರ ವಾದ ಕುಂಟುತ್ತದೆ. ಹಾಡಿನ ಹೆಸರು ಬರೆಯುವ ಹೊತ್ತಿಗೆ ಆ ಹಾಡನ್ನೇ ಎರಡು ಸಲ ಕೇಳಬಹುದಿತ್ತು. ಅದೂ ಸಾಲದೆಂಬಂತೆ ಈ ಪ್ಲೇಯರುಗಳಲ್ಲಿ ರಿಪೇರಿಯವರಿಗೆಂದೇ ಇಟ್ಟ ಗುಪ್ತ ಸರ್ವಿಸ್ ಮೋಡ್ ಇರುತ್ತದೆ. ಹೋಲ್ಡ್ ಗುಂಡಿ ಸರಿಸಿ ಬೇರೆ ಗುಂಡಿಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತಿದರೆ ಪರದೆಯ ಮೇಲೆ ಅಂಕಿಗಳ ಲೋಕ ತೆರೆದುಕೊಳ್ಳುತ್ತದೆ. ಯುರೋಪಿನ ಸದ್ದಿನ ಮಿತಿಯನ್ನು ಕೆಲವರು ಕಿತ್ತುಹಾಕುವುದು ಇಲ್ಲಿಂದಲೇ. ಈ ಮಂತ್ರ ಪಠಿಸುವಾಗ ಮಹಾಶಯನ ಮುಖದಲ್ಲಿರುವ ಭಕ್ತಿ ಯಾವ ಹಾಡು ಕೇಳುವಾಗಲೂ ಕಂಡದ್ದಿಲ್ಲ. ಹಾಗೆಂದು ಇದನ್ನು ದೋಷವೆಂದು ನಾನು ಬರೆಯುತ್ತಿಲ್ಲ. ಯಂತ್ರವನ್ನು ಯಂತ್ರವೆಂದೇ ಪ್ರೀತಿಸುವುದು ಒಂದು ಗೌರವದ ಹವ್ಯಾಸ. ಅದಕ್ಕೆ ಸಂಗೀತದ ಮಡಿಪಂಚೆ ಉಡಿಸುವುದು ಯಾಕೆ ಎಂಬುದಷ್ಟೇ ನನ್ನ ತಕರಾರು.

ಕೊನೆಗೆ ಉಳಿಯುವುದು ಒಂದು ಬಲವಾದ ಆಕ್ಷೇಪ: ಈ ಜನರಿಲ್ಲದಿದ್ದರೆ ಒಂದು ಕಾಲದ ಧ್ವನಿಗಳೇ ಮಣ್ಣುಪಾಲಾಗುತ್ತಿದ್ದವು. ಇದನ್ನು ನಗೆಯಲ್ಲಿ ತಳ್ಳಿಹಾಕುವಂತಿಲ್ಲ. ತೊಂಬತ್ತರ ದಶಕದಲ್ಲಿ ಬಾನುಲಿ ವರದಿಗಾರರು ಸಂದರ್ಶನಗಳನ್ನು, ವಾದ್ಯಗಾರರು ತಾಲೀಮುಗಳನ್ನು ಮಿನಿಡಿಸ್ಕಿನ ಮೇಲೆ ಹಿಡಿದಿಟ್ಟರು. ಇಂಗ್ಲೆಂಡಿನ ರೇಡಿಯೊಹೆಡ್ ತಂಡದ ಅಂಥ ಹಳೆಯ ಡಿಸ್ಕುಗಳ ಧ್ವನಿ 2019ರಲ್ಲಿ ಕಳುವಾದಾಗ, ಸುಮಾರು 18 ಗಂಟೆಗಳ ಆ ಕಚ್ಚಾಸಂಗ್ರಹವನ್ನು ತಂಡದವರೇ 18 ಪೌಂಡಿಗೆ ಮಾರಾಟಕ್ಕಿಟ್ಟು, ಬಂದ ಹಣವನ್ನು ಎಕ್ಸ್‌ಟಿಂಕ್ಷನ್ ರೆಬೆಲಿಯನ್ ಎಂಬ ಪರಿಸರ ಚಳವಳಿಗೆ ಕೊಡುವುದಾಗಿ ಹೇಳಿದರು. ಡಿಸ್ಕಿನೊಳಗೆ ಹೋದದ್ದು ಹೊರಬರುವುದು ಸುಲಭವೂ ಆಗಿರಲಿಲ್ಲ. ಹಕ್ಕುಸ್ವಾಮ್ಯದ ಹೆದರಿಕೆಯಿಂದ ಕಂಪನಿ ಎಂಥ ಬೀಗ ಹಾಕಿತ್ತೆಂದರೆ, 2001ರ ನೆಟ್‌ಎಂಡಿ ಯಂತ್ರಗಳು ಕಂಪ್ಯೂಟರಿನಿಂದ ಹಾಡು ಇಳಿಸಿಕೊಳ್ಳುತ್ತಿದ್ದವು, ಆದರೆ ನೀವೇ ಮೈಕ್ ಹಿಡಿದು ಮುದ್ರಿಸಿದ ನಿಮ್ಮದೇ ದನಿಯನ್ನು ಕಂಪ್ಯೂಟರಿಗೆ ಹಿಂದಿರುಗಿಸುತ್ತಿರಲಿಲ್ಲ. ಹಳೆಯ ಡಿಸ್ಕುಗಳನ್ನೂ ಕಂಪ್ಯೂಟರಿಗೆ ಏರಿಸುವ ಆರ್‌ಎಚ್1 ಬಂದದ್ದು ಪಟ್ಟಿ ಮುಗಿಯುವ ಹೊತ್ತಿಗೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾಯಿತು. ಈಚೆಗೆ ಹವ್ಯಾಸಿಗಳೇ ತಂತ್ರಾಂಶ ಬರೆದು ಇನ್ನೂ ಹಲವು ಪ್ಲೇಯರುಗಳ ಬೀಗ ತೆಗೆದಿದ್ದಾರೆ, ಆ ಕೆಲಸಕ್ಕೆ ಟೋಪಿ ತೆಗೆಯಲೇಬೇಕು. ಆದರೂ ಧ್ವನಿ ಉಳಿಸುವುದಕ್ಕೆ ಕೆಲಸ ಮಾಡುವ ಒಂದು ಯಂತ್ರ ಸಾಕು, ಅದು ಕೈಕೊಟ್ಟರೆ ಎಂದು ಇನ್ನೊಂದು. ಹದಿನಾರನೆಯದಕ್ಕೆ ಸಮರ್ಥನೆ ಬೇರೆಲ್ಲಿಂದಲೋ ಬರಬೇಕು. ಪಕ್ಕದ ಬೀದಿಯ ವೃದ್ಧೆಯೊಬ್ಬರು ತೀರಿಹೋದ ಗಂಡನ ದನಿಯಿರುವ ಡಿಸ್ಕನ್ನು ಹಿಡಿದು ಇವನ ಬಾಗಿಲು ತಟ್ಟಿದರೆಂದು ಇಟ್ಟುಕೊಳ್ಳಿ. ಮಹಾಶಯ ನಿಜವಾದ ಶ್ರದ್ಧೆಯಿಂದ ಕೂತು, ಒಂದು ಪದವೂ ಕಳೆಯದಂತೆ ಧ್ವನಿಯನ್ನು ಹೊರತೆಗೆದು ಕೊಡುತ್ತಾನೆ, ಒಂದು ಕಾಸೂ ಮುಟ್ಟುವುದಿಲ್ಲ. ಆಕೆ ಕಣ್ಣೊರೆಸಿಕೊಳ್ಳುತ್ತಿರುವಾಗ, ಈ ಹಸಿರು ಕವಚದ 74 ನಿಮಿಷದ ಡಿಸ್ಕು ಈಗ ಎಲ್ಲೂ ಸಿಗುವುದಿಲ್ಲವೆಂದೂ, ಹೇಗೂ ದನಿ ಕಂಪ್ಯೂಟರಿಗೆ ಬಂದಾಯಿತಲ್ಲವೆಂದೂ, ಅಭ್ಯಂತರವಿಲ್ಲದಿದ್ದರೆ ಬದಲಿಗೆ ನೀಲಿಯವು ಎರಡು ಕೊಡಬಲ್ಲೆನೆಂದೂ ಬಹಳ ಸಂಕೋಚದಿಂದ ಕೇಳುತ್ತಾನೆ.