ನಾನು ಕಾಣದ ಫಸ್ಟ್ ಇಯರ್‌ಗೆ

ಶ್ರೀಮಾನ್ ಫಸ್ಟ್ ಇಯರ್ ಬಿಇ ಅವರಿಗೆ,

ಚಿಕ್ಕಲಸಂದ್ರದಿಂದ ಒಬ್ಬ ಲ್ಯಾಟರಲ್ ಎಂಟ್ರಿಯವನ ನಮಸ್ಕಾರಗಳು.

ತಮ್ಮ ಮುಖ ನೋಡಿದವನಲ್ಲ ನಾನು. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್‌ ಸೇರಿದೆ, ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದೆ, ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದಿಂದ ಸೀಟು ಸಿಕ್ಕಿ ನೇರ ಮೂರನೇ ಸೆಮಿಸ್ಟರ್‌ಗೆ ಬಂದು ಕೂತೆ. ತಮ್ಮ ಮನೆ ಮುಂದೆ ಹಾದರೂ ಒಳಗೆ ಬರಲಿಲ್ಲ ನಿಜ. ಅದಕ್ಕೆ ಇಷ್ಟು ಮುನಿಸೇ?

ಕೆಳಗಿನ ಮನೆ ಆಂಟಿ ಮೊನ್ನೆ ಅಮ್ಮನನ್ನು ಕೇಳಿದರು: "ನಿಮ್ಮುಡುಗ ಫಸ್ಟ್ ಇಯರೇ ಮಾಡ್ಲಿಲ್ವಂತೆ, ಫೇಲಾದ್ನಾ?" ಇಲ್ಲ, ಡೈರೆಕ್ಟ್ ಸೆಕೆಂಡ್ ಇಯರ್ ಅಂದರು ಅಮ್ಮ. "ಓ, ಡೊನೇಷನ್ನಾ?" ಅಪ್ಪನ ಗೆಳೆಯರೋ, "ಒಂದು ವರ್ಷ ಉಳೀತು ಬಿಡಿ" ಎನ್ನುತ್ತಾರೆ. ಬೆರಳು ಮಡಿಚಿ ಎಣಿಸಿ: ಪಿಯುಸಿ 2, ಬಿಇ 4. ಡಿಪ್ಲೊಮಾ 3, ಬಿಇ 3. ಎರಡೂ ಕಡೆ 6. ಉಳಿದ ವರ್ಷ ಯಾವ ಡಬ್ಬಿಯಲ್ಲಿದೆಯೋ, ಅಮ್ಮನ ಚೀಟಿ ಲೆಕ್ಕದಲ್ಲೂ ಇಂಥ ಉಳಿತಾಯ ಕಂಡಿಲ್ಲ.

ಇನ್ನು ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯದ ರಿಜಿಸ್ಟರ್ ನಂಬರು. ಕ್ಲಾಸಿನವರದು 001ರಿಂದ ಶುರು, ನಮ್ಮದು 400ರಿಂದ. ನಡುವೆ ಇರಬೇಕಾದ ಮುನ್ನೂರು ಚಿಲ್ಲರೆ ಜನ ಎಲ್ಲಿ ಹೋದರು ಎಂದು ಈವರೆಗೆ ಯಾರೂ ಹುಡುಕಿಲ್ಲ. ಅದರಲ್ಲಿರುವ ಇಸವಿಯ ಅಂಕಿಯೂ ನಮ್ಮದು ಒಂದು ಹೆಚ್ಚು. ಒಂದೇ ಬೆಂಚಿನಲ್ಲಿ ಕೂತರೂ ಕಾಗದದ ಮೇಲೆ ಜೂನಿಯರ್. ವೈವಾಕ್ಕೆ ನಮ್ಮ ಸರದಿ ಬರುವ ಹೊತ್ತಿಗೆ ಎಕ್ಸ್‌ಟರ್ನಲ್ ಅವರಿಗೆ ಹಸಿವು. ಕೇಳುವುದು ಒಂದೇ ಪ್ರಶ್ನೆ: "ಡಿಪ್ಲೊಮಾನಾ?"

ತಮ್ಮ ಹುಡುಗರು ಒಂದು ಕಬ್ಬಿಣದ ತುಂಡು ಉಜ್ಜಿ ರೆಕಾರ್ಡಿಗೆ ಸಹಿ ಹಾಕಿಸಿಕೊಂಡರೆ ವರ್ಕ್‌ಶಾಪ್ ಮುಗಿಯಿತು. ನನ್ನ ಅಂಗೈಗೆ ಅರ ಹಿಡಿದು ಬೊಬ್ಬೆ ಬಂದದ್ದು ಹದಿನಾರಕ್ಕೆ. ಒಮ್ಮೆ ಲ್ಯಾಬಿನಲ್ಲಿ ಲೇತಿನ ಚಕ್ ಸಡಿಲಾಗಲೊಲ್ಲದೆ ಹಟ ಹಿಡಿದಾಗ ಇಡೀ ಬ್ಯಾಚು ನನ್ನ ಕಡೆ ತಿರುಗಿತು. ಆ ಐದು ನಿಮಿಷ ನಾನೇ 001.

ಒಮ್ಮೆ ಕೆ.ಆರ್. ಸರ್ಕಲ್‌ನಲ್ಲಿ ಬಸ್ಸಿಳಿದು ನೋಡಿ. 1917ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಅಲ್ಲೇ, 1943ರಲ್ಲಿ ಶುರುವಾದ ಎಸ್‌ಜೆ ಪಾಲಿಟೆಕ್ನಿಕ್ ಕೂಡ ಆಸುಪಾಸಿನಲ್ಲೇ. ಎರಡರ ಹಿಂದೆಯೂ ಅದೇ ಮೈಸೂರು ಪೇಟ, ಸರ್ ಎಂ.ವಿ. ಅವರದು. ಒಂದರಿಂದ ಇನ್ನೊಂದಕ್ಕೆ ಅವರ ಕಾಲ್ನಡಿಗೆಗೆ ಕೆಲವೇ ನಿಮಿಷದ ದಾರಿ. ನಮಗೆ ಮೂರು ವರ್ಷ, ಮೇಲೊಂದು ಎಂಟ್ರೆನ್ಸು.

ದಾಟಿ ಬಂದಮೇಲೂ ತಾವು ಬಿಡಲಿಲ್ಲವಲ್ಲ, ಡಿಪ್ಲೊಮಾದವರಿಗೆಂದೇ ಇರುವ ಬ್ರಿಡ್ಜ್ ಮ್ಯಾಥ್ಸನ್ನು ಬೆನ್ನಿಗೆ ಕಳಿಸಿದಿರಿ. ಅದರ ಅಂಕ ಸಿಜಿಪಿಎಗೆ ಸೇರದು, ಪಾಸಾಗದಿದ್ದರೆ ಡಿಗ್ರಿ ಸಿಗದು. ಹೆಸರು ಸೇತುವೆ, ಕೆಲಸ ಟೋಲ್ ಗೇಟಿನದು.

ಉತ್ತರ ಬರೆಯುವುದಿದ್ದರೆ ಗುರುವಾರದೊಳಗೆ ಬರೆಯಿರಿ. ಅವತ್ತೇ ಆ ಪರೀಕ್ಷೆ. ಇಂಟಿಗ್ರೇಷನ್ ಬೈ ಪಾರ್ಟ್ಸ್ ಸ್ವಲ್ಪ ಬಿಡಿಸಿ ಹೇಳಿದರೆ ಹಳೆಯದೆಲ್ಲ ಮರೆಯೋಣ.

ಇಂತು ತಮ್ಮ,
407